ಕೆಚ್ಚಲು ಬಾವು

ನಮ್ಮ ಗೌರಿ ಹಸು ಒಂದು ಬೆಳಿಗ್ಗೆ ಹಾಲು ಕರೆಯಲು ಬಿಡಲಿಲ್ಲ. ಒದೆಯಿತು. ಕೆಚ್ಚಲು ಮುಟ್ಟಿದರೆ ಬಿಸಿ, ಗಟ್ಟಿ. ಹಾಲೆಲ್ಲ ಒಡೆದ ಹಾಗೆ ಚೂರು ಚೂರು. ದೃಷ್ಟಿ ತಾಗಿದೆ ಅಂತ ನಿವಾಳಿಸಿದೆವು. ಎರಡು ದಿನ ಹಾಗೇ ಹೋಯಿತು. ಒಂದು ತೊಟ್ಟು ಬತ್ತಿಯೇ ಹೋಯಿತು.

ಅದು ದೃಷ್ಟಿಯಲ್ಲ, ಕೆಚ್ಚಲು ಬಾವು. ಕಣ್ಣಿಗೆ ಕಾಣದ ರೋಗಾಣುಗಳು ತೊಟ್ಟಿನ ತೂತಿನಿಂದ ಒಳಗೆ ಹೋಗುತ್ತವೆ. ಹಾಲು ಕರೆದ ಮೇಲೆ ಸುಮಾರು ಅರ್ಧ ಗಂಟೆ ಆ ತೂತು ತೆರೆದೇ ಇರುತ್ತದೆ. ಆಗ ಹಸು ಸಗಣಿ ಮೇಲೆ ಮಲಗಬಾರದು. ಮುಂದೆ ಮೇವು ಹಾಕಿದರೆ ನಿಂತಿರುತ್ತದೆ.

ದಿನಾಲೂ ಮೊದಲ ಹಾಲನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ ನೋಡೋಣ. ಚೂರು ಕಂಡರೆ ಅಂದೇ ದನದ ಡಾಕ್ಟರಿಗೆ ತೋರಿಸೋಣ. ಅವರು ಹೇಳಿದಷ್ಟು ದಿನವೂ ಔಷಧಿ ಕೊಡಿಸಬೇಕು. ಔಷಧಿ ಮುಗಿದ ಮೇಲೂ ಅವರು ಹೇಳುವ ತನಕ ಆ ಹಾಲು ಡೈರಿಗೆ ಬೇಡ, ಮಕ್ಕಳಿಗೂ ಬೇಡ. ಬಾವಿನ ಹಸುವನ್ನು ಕೊನೆಗೆ ಕರೆಯಬೇಕು. ನಮ್ಮ ಕೈಯೇ ರೋಗವನ್ನು ದಾಟಿಸುತ್ತದೆ.