ನಗೆಯ ಗರಡಿಮನೆ: ಬ್ರಿಟನ್ನಿನ ಸ್ಟ್ಯಾಂಡ್‌ಅಪ್ ಕಾಮಿಡಿ

ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ಗೆ ಹತ್ತಿರದ ಆಕ್ಸೆಂಡನ್ ಬೀದಿಯಲ್ಲಿ ಮೆಟ್ಟಿಲಿಳಿದು ಹೋಗುವ ನೆಲಮಾಳಿಗೆಯ ಸಭಾಂಗಣವೊಂದಿದೆ. ಹೆಸರು ‘ಕಾಮಿಡಿ ಸ್ಟೋರ್’. ತಿಂಗಳ ಕೊನೆಯ ಸೋಮವಾರ ಅಲ್ಲಿ ಹೊಸಬರ ಸರದಿ. ಪ್ರೇಕ್ಷಕರಲ್ಲೇ ಮೂವರ ಕೈಗೆ ಒಂದೊಂದು ಕಾರ್ಡು ಕೊಟ್ಟಿರುತ್ತಾರೆ. ವೇದಿಕೆ ಹತ್ತಿದವರು ಐದು ನಿಮಿಷ ನಗಿಸಬೇಕು. ಮಾತು ರುಚಿಸದಿದ್ದರೆ ಒಂದು ಕಾರ್ಡು ಮೇಲೇಳುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರೂ ಎದ್ದವೋ, ಜಾಗಟೆ ಮೊಳಗುತ್ತದೆ. ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿಯಬೇಕು.

ಈ ಪದ್ಧತಿ ನಿರ್ದಯ ಅನಿಸಬಹುದು. ಆದರೆ ಬ್ರಿಟನ್ನಿನ ಹಾಸ್ಯಗಾರರು ಪಳಗಿರುವುದೇ ಇಂಥ ಕಡೆ. ಸಂಗೀತಗಾರರು ಬಾಗಿಲು ಹಾಕಿಕೊಂಡು ರಿಯಾಜು ಮಾಡಬಹುದು, ನಾಟಕದವರು ಖಾಲಿ ರಂಗದ ಮೇಲೆ ತಾಲೀಮು ನಡೆಸಬಹುದು. ನಗಿಸುವವರಿಗೆ ಆ ಅನುಕೂಲವಿಲ್ಲ. ಎದುರಿಗೆ ಗುರುತು ಪರಿಚಯವಿಲ್ಲದ ಜನ ಕೂತಿರಬೇಕು, ಅವರು ನಕ್ಕರಷ್ಟೇ ಅದು ನಗೆಮಾತು. ಸ್ಟ್ಯಾಂಡ್‌ಅಪ್‌ಗೆ ಪ್ರೇಕ್ಷಕರೇ ಗುರು, ಸಣ್ಣ ಸಭಾಂಗಣವೇ ಗರಡಿ. ಆ ಗರಡಿ ಎಲ್ಲಿಂದೆಲ್ಲಿಗೆ ಹೋಯಿತು, ಜಾಗ ಬದಲಿಸಿದಾಗಲೆಲ್ಲ ಮೈಕು ಯಾರ ಕೈಗೆ ಬಂತು ಎಂದು ನೋಡುತ್ತ ಹೋದರೆ ಬ್ರಿಟಿಷ್ ಹಾಸ್ಯದ ಚರಿತ್ರೆಯೇ ಕಣ್ಣಮುಂದೆ ಬರುತ್ತದೆ.

ಪಬ್ಬಿಗೆ ಅಂಟಿಕೊಂಡ ಮ್ಯೂಸಿಕ್ ಹಾಲ್

1852ರಲ್ಲಿ ಚಾರ್ಲ್ಸ್ ಮಾರ್ಟನ್ ಎಂಬ ಪಬ್ ಮಾಲೀಕರು ಲಂಡನ್ನಿನ ಲ್ಯಾಂಬೆತ್‌ನಲ್ಲಿ ತಮ್ಮ ಪಬ್ಬಿಗೆ ಅಂಟಿಕೊಂಡಂತೆ ಕ್ಯಾಂಟರ್ಬರಿ ಹಾಲ್ ಕಟ್ಟಿಸಿದರು. ಊಟ, ಬಿಯರು, ಹಾಡು, ಕೀಟಲೆ ಎಲ್ಲವೂ ಒಂದೇ ಸೂರಿನಡಿ. ಅಲ್ಲಿಂದ ಮ್ಯೂಸಿಕ್ ಹಾಲ್‌ಗಳು ಊರೂರಿಗೆ ಹಬ್ಬಿದವು. ಡ್ಯಾನ್ ಲೀನೊ, ಮೇರಿ ಲಾಯ್ಡ್ ಮನೆಮಾತಾದರು. ದುಡಿಯುವ ಜನರ ಬಾಡಿಗೆ, ಸಾಲ, ಗಂಡಹೆಂಡಿರ ಜಗಳ ಮೊದಲ ಬಾರಿಗೆ ವೇದಿಕೆಯ ಮೇಲೆ ಅದೇ ಜನರ ಮಾತಿನಲ್ಲಿ ನಗೆಯಾಗಿ ಬಂದವು. ಚಾರ್ಲಿ ಚಾಪ್ಲಿನ್ ಅವರ ತಂದೆ ತಾಯಿ ಇಬ್ಬರೂ ಮ್ಯೂಸಿಕ್ ಹಾಲ್ ಕಲಾವಿದರು. ಚಾಪ್ಲಿನ್ ಮತ್ತು ಸ್ಟ್ಯಾನ್ ಲಾರೆಲ್ ಅಮೆರಿಕಕ್ಕೆ ಹೋಗುವ ಮೊದಲು ಪಳಗಿದ್ದು ಫ್ರೆಡ್ ಕಾರ್ನೊ ಅವರ ಕಂಪನಿಯಲ್ಲಿ.

ಈ ಲೋಕಕ್ಕೂ ಕನ್ನಡಕ್ಕೂ ಒಂದು ನಂಟಿದೆ. 1912ರಲ್ಲಿ ಜ್ಯಾಕ್ ಜಡ್ಜ್ ಹಾಡಿದ, ಮುಂದೆ ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿ ನಲಿದ ‘ಟಿಪ್ಪರರಿ’ ಹುಟ್ಟಿದ್ದು ಮ್ಯೂಸಿಕ್ ಹಾಲ್‌ನಲ್ಲಿ. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿದ್ದ ಟಿ.ಪಿ. ಕೈಲಾಸಂ ಅದನ್ನು ತಿಪ್ಪಾರಳ್ಳಿಯ ಹಾಡಾಗಿಸಿ ಕನ್ನಡಕ್ಕೆ ತಂದರು.

ಒಬ್ಬರೇ ನಿಂತು ಸಭೆಯೊಂದಿಗೆ ನೇರ ಮಾತಿಗಿಳಿಯುವ ಇವತ್ತಿನ ಶೈಲಿಯನ್ನು ಹದಗೊಳಿಸಿದವರಲ್ಲಿ ಬ್ರೈಟನ್ನಿನ ಮ್ಯಾಕ್ಸ್ ಮಿಲ್ಲರ್ (1894–1963) ಮುಖ್ಯರು. ಮೈಮೇಲೆ ಹೂಹೂವಿನ ಗಾಢ ಬಣ್ಣದ ಸೂಟು. ಜೇಬಿನಲ್ಲಿ ಎರಡು ಪುಸ್ತಕ, ಒಂದು ಬಿಳಿ, ಒಂದು ನೀಲಿ. ಬಿಳಿಯಲ್ಲಿ ಸಭ್ಯ ಜೋಕುಗಳು, ನೀಲಿಯಲ್ಲಿ ಪೋಲಿ ಜೋಕುಗಳು. ಯಾವುದು ಬೇಕೆಂದು ಕೇಳುವರು. ಸಭೆ ನೀಲಿ ಎಂದು ಕೂಗುವುದು. ಆಮೇಲೆ ಒಂದು ಪದ್ಯ ಶುರುಮಾಡಿ, ಕೊನೆಯ ಪ್ರಾಸಪದ ಬರುವ ಹೊತ್ತಿಗೆ ಗಕ್ಕನೆ ನಿಲ್ಲಿಸಿಬಿಡುವರು. ಉಳಿದದ್ದನ್ನು ಸಭೆ ತಾನೇ ಊಹಿಸಿಕೊಂಡು ಹೋ ಎಂದು ನಗುವುದು. ಆಗ ಮಿಲ್ಲರ್, ಕೆಟ್ಟ ಯೋಚನೆ ನಿಮ್ಮದು, ನನ್ನದಲ್ಲ ಎಂಬಂತೆ ಮುಖ ಮಾಡುವರು. ಆಡಬಾರದ್ದನ್ನು ಅವರು ಆಡಿಯೇ ಇರುತ್ತಿರಲಿಲ್ಲ! ನಗೆಯ ಅರ್ಧ ಕೆಲಸವನ್ನು ಪ್ರೇಕ್ಷಕರಿಂದಲೇ ಮಾಡಿಸುವ ಈ ಜಾಣ್ಮೆ ಇವತ್ತಿಗೂ ಈ ಕಸುಬಿನ ಮೊದಲ ಪಾಠ.

ಮನೆಮನೆಗೆ ಬಂದ ನಗು

ಎರಡನೇ ಮಹಾಯುದ್ಧ ಹೊಸ ಪೀಳಿಗೆಯೊಂದನ್ನು ಕೊಟ್ಟಿತು. ಅಹಮದ್‌ನಗರದಲ್ಲಿ 1918ರಲ್ಲಿ ಹುಟ್ಟಿದ ಸ್ಪೈಕ್ ಮಿಲಿಗನ್, ಪೀಟರ್ ಸೆಲ್ಲರ್ಸ್, ಹ್ಯಾರಿ ಸೆಕೂಂಬ್ ಮೂವರೂ ಸೇನೆಯಲ್ಲಿದ್ದವರು. 1951ರಿಂದ 1960ರವರೆಗೆ ಬಿಬಿಸಿ ರೇಡಿಯೊದಲ್ಲಿ ಬಂದ ಅವರ ‘ಗೂನ್ ಶೋ’ ತರ್ಕವನ್ನೇ ತಲೆಕೆಳಗು ಮಾಡಿ ನಗಿಸಿತು. ಹುಡುಗರಾಗಿದ್ದಾಗಲೇ ಜೋಡಿಯಾಗಿ ವೇದಿಕೆ ಹತ್ತಿದ ಎರಿಕ್ ಮೋರ್ಕಮ್ ಮತ್ತು ಅರ್ನಿ ವೈಸ್ ಟಿವಿಗೆ ಬಂದ ಮೇಲೆ ಇಡೀ ದೇಶದ ಪ್ರೀತಿ ಗಳಿಸಿದರು. 1977ರ ಅವರ ಕ್ರಿಸ್‌ಮಸ್ ಕಾರ್ಯಕ್ರಮವನ್ನು 2 ಕೋಟಿಗೂ ಹೆಚ್ಚು ಜನ ನೋಡಿದರು.

ಕೆಂಪು ಟರ್ಕಿ ಟೋಪಿಯ ಟಾಮಿ ಕೂಪರ್ ಜಾದೂ ಮಾಡಲು ಹೋಗಿ ಸದಾ ಎಡವಟ್ಟು ಮಾಡಿಕೊಳ್ಳುತ್ತಿದ್ದರು. ಹಾಗೆ ಹದವಾಗಿ ಎಡವಲು ಎಷ್ಟು ಪರಿಣತಿ ಬೇಕೆಂಬುದು ಜಾದೂ ಬಲ್ಲವರಿಗೆ ಗೊತ್ತಿತ್ತು. 1984ರ ಏಪ್ರಿಲ್ 15ರಂದು ಲಂಡನ್ನಿನ ಹರ್ ಮೆಜೆಸ್ಟಿಸ್ ಥಿಯೇಟರ್‌ನಲ್ಲಿ, ಟಿವಿಯಲ್ಲಿ ನೇರ ಪ್ರಸಾರವಾಗುತ್ತಿದ್ದಾಗಲೇ ಅವರು ಹೃದಯಾಘಾತದಿಂದ ಕುಸಿದರು. ಅದೂ ಆಟದ ಭಾಗವೆಂದೇ ತಿಳಿದು ಸಭೆ ನಗುತ್ತಿತ್ತು.

ಲಿವರ್‌ಪೂಲಿನ ಕೆನ್ ಡಾಡ್ ಅವರದು ಬೇರೆಯೇ ಬಗೆಯ ತಪಸ್ಸು. ಯಾವ ಊರಿನಲ್ಲಿ ಯಾವ ಜೋಕು ಎಷ್ಟು ನಗು ತಂದಿತು ಎಂದು ಅವರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಒಂದೂರಿನಲ್ಲಿ ಗೆದ್ದದ್ದು ಮತ್ತೊಂದೂರಿನಲ್ಲಿ ಯಾಕೆ ಬಿತ್ತು ಎಂದು ಚಿಂತಿಸುತ್ತಿದ್ದರು. ಇಡೀ ಬ್ರಿಟನ್ನಿನ ನಗೆಯ ನಕ್ಷೆಯನ್ನೇ ಅವರು ಹೀಗೆ ಕಟ್ಟಿಕೊಂಡರು. ಅವರ ಪ್ರದರ್ಶನ ನಡುರಾತ್ರಿ ದಾಟಿದರೂ ಮುಗಿಯುತ್ತಿರಲಿಲ್ಲ. 2018ರಲ್ಲಿ ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಹಿಂದಿನವರೆಗೂ ವೇದಿಕೆಯ ಮೇಲಿದ್ದರು.

ಸೋಹೋದ ಮಹಡಿ ಕೋಣೆ

ಈ ಕಥೆಗೆ ಒಂದು ಕಹಿ ಮುಖವೂ ಇದೆ. 1960–70ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ಕಾರ್ಮಿಕರ ಕ್ಲಬ್ಬುಗಳೇ ಹಾಸ್ಯದ ಮುಖ್ಯ ಗರಡಿಗಳಾಗಿದ್ದವು. ಅಲ್ಲಿಂದ ಪ್ರತಿಭಾವಂತರು ಬಂದರು, ನಿಜ. ಆದರೆ ಏಷ್ಯಾದ ವಲಸಿಗರು, ಕಪ್ಪುಜನ, ಐರಿಷರು, ಹೆಂಡತಿ, ಅತ್ತೆ — ಇವರನ್ನು ಹೀಯಾಳಿಸುವುದೇ ಅಲ್ಲಿನ ಸಲೀಸು ಸರಕಾಗಿತ್ತು. ಬರ್ನಾರ್ಡ್ ಮ್ಯಾನಿಂಗ್ ಅದರ ದೊಡ್ಡ ಹೆಸರು. 1971ರಲ್ಲಿ ಶುರುವಾದ ‘ದಿ ಕಮೀಡಿಯನ್ಸ್’ ಎಂಬ ಟಿವಿ ಕಾರ್ಯಕ್ರಮ ಕ್ಲಬ್ಬಿನ ಹಾಸ್ಯಗಾರರನ್ನು ಮನೆಯ ನಡುಮನೆಗೇ ತಂದಿತು. ಶಾಲೆಯ ಅಂಗಳದಲ್ಲಿ ಅಂಥ ಜೋಕುಗಳ ಪೆಟ್ಟು ತಿಂದ ವಲಸಿಗರ ಮಕ್ಕಳಿಗೆ ಅದು ನಗೆಯಾಗಿರಲಿಲ್ಲ.

1979ರ ಮೇ 4ರಂದು ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಅದಾಗಿ ಹದಿನೈದು ದಿನಕ್ಕೆ ಪೀಟರ್ ರೋಸೆನ್‌ಗಾರ್ಡ್ ಮತ್ತು ಡಾನ್ ವಾರ್ಡ್ ಲಂಡನ್ನಿನ ಸೋಹೋದ ಸ್ಟ್ರಿಪ್ ಕ್ಲಬ್ಬೊಂದರ ಮೇಲಿನ ಕೋಣೆಯಲ್ಲಿ, ಈಗ ಆಕ್ಸೆಂಡನ್ ಬೀದಿಯಲ್ಲಿರುವ ಆ ಕಾಮಿಡಿ ಸ್ಟೋರ್ ತೆರೆದರು. ಜಾಗಟೆ ಅಂದಿನಿಂದಲೇ ಇದೆ. ಅಲ್ಲಿನ ಮೊದಲ ನಿರೂಪಕರು ಲಿವರ್‌ಪೂಲಿನ ಕಮ್ಯುನಿಸ್ಟ್ ಮನೆತನದ ಅಲೆಕ್ಸಿ ಸೇಲ್. ಬಿಗಿಯಾದ ಸೂಟು, ಪುಟ್ಟ ಟೋಪಿ, ಗುಂಡಿನಂತೆ ಸಿಡಿಯುವ ಮಾತು. ಬಣ್ಣ, ಜನಾಂಗ, ಹೆಣ್ತನಗಳನ್ನು ಹೀಯಾಳಿಸದೆ ನಗಿಸಬೇಕು ಎಂಬ ಹಟ ಆ ಬಳಗದಲ್ಲಿ ಬೆಳೆಯಿತು. ಬಡವರ ಮೇಲಲ್ಲ, ಅಧಿಕಾರದ ಮೇಲೆ ನಗು ಎಂಬುದು ಅವರ ನಿಲುವು. ರಿಕ್ ಮೇಯಲ್, ಡಾನ್ ಫ್ರೆಂಚ್, ಜೆನಿಫರ್ ಸಾಂಡರ್ಸ್, ಬೆನ್ ಎಲ್ಟನ್ ಹೆಸರು ಮಾಡಿದ್ದು ಆ ಅಲೆಯಲ್ಲೇ. ಬ್ರಿಟಿಷ್ ಹಾಸ್ಯ ಪಡೆದ ಅತಿ ದೊಡ್ಡ ತಿರುವು ಇದು ಎಂದು ಹೇಳಲು ನನಗೆ ಯಾವ ಅಳುಕೂ ಇಲ್ಲ.

ಈ ಬಳಗದ ಹೊರಗೂ ಒಂಟಿ ದಾರಿ ತುಳಿದವರಿದ್ದರು. ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ ಬಿಲ್ಲಿ ಕಾನಲಿ ಬ್ಯಾಂಜೊ ಹಿಡಿದು ಜಾನಪದ ಹಾಡುತ್ತಿದ್ದವರು. ಹಾಡುಗಳ ನಡುವಿನ ಮಾತು ಬೆಳೆಯುತ್ತ ಬೆಳೆಯುತ್ತ ಹಾಡನ್ನೇ ಹಿಂದಿಕ್ಕಿತು. ಲ್ಯಾಂಕಶೈರಿನ ವಿಕ್ಟೋರಿಯಾ ವುಡ್ (1953–2016) ಪಿಯಾನೊ ಮುಂದೆ ಕೂತು ನಡುವಯಸ್ಸಿನ ಹೆಂಗಸರ ಅಡುಗೆಮನೆ, ಅಂಗಡಿ, ಆಸೆಗಳನ್ನು ಹಾಡಾಗಿಸಿದರು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲನ್ನು ರಾತ್ರಿ ಮೇಲೆ ರಾತ್ರಿ ತುಂಬಿಸಿದರು. ಮನೋರೋಗಿಗಳ ನರ್ಸ್ ಆಗಿದ್ದ ಜೋ ಬ್ರ್ಯಾಂಡ್, ತನ್ನ ದೇಹದ ಬಗ್ಗೆ ಕೂಗಿ ಕೆಣಕುವ ಗಂಡಸರನ್ನು ಅದೇ ಮೈಕಿನಿಂದ ಬಾಯಿ ಮುಚ್ಚಿಸುತ್ತಿದ್ದರು.

ಆಗಸ್ಟ್ ತಿಂಗಳ ಎಡಿನ್‌ಬರಾ

1947ರಲ್ಲಿ ಎಡಿನ್‌ಬರಾ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ 8 ನಾಟಕ ತಂಡಗಳು ಕರೆಯದೇ ಬಂದು ಬದಿಯಲ್ಲಿ ಪ್ರದರ್ಶನ ಕೊಟ್ಟವು. ಅದೇ ಬೆಳೆದು ‘ಫ್ರಿಂಜ್’ ಆಯಿತು. ಇವತ್ತಿಗೂ ಅಲ್ಲಿ ಆಯ್ಕೆ ಸಮಿತಿ ಇಲ್ಲ. ಜಾಗ ಹೊಂದಿಸಿಕೊಂಡವರು ಯಾರು ಬೇಕಾದರೂ ಆಡಬಹುದು. ಆಗಸ್ಟಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರದರ್ಶನಗಳು. ಪಬ್ಬಿನ ಹಿಂಬದಿ, ಚರ್ಚಿನ ಹಾಲ್, ಕಾಲೇಜಿನ ತರಗತಿ ಎಲ್ಲವೂ ರಂಗಸ್ಥಳ. ಹಗಲು ರಾಯಲ್ ಮೈಲ್ ಬೀದಿಯಲ್ಲಿ ನಿಂತು ಚೀಟಿ ಹಂಚಿದ ಕಲಾವಿದರೇ ಸಂಜೆ ವೇದಿಕೆ ಹತ್ತುತ್ತಾರೆ. ಟಿಕೆಟ್ಟಿಲ್ಲದ ಪ್ರದರ್ಶನಗಳಲ್ಲಿ ಕೊನೆಗೆ ಬಾಗಿಲ ಬಳಿ ಬಕೆಟ್ ಹಿಡಿದು ನಿಲ್ಲುತ್ತಾರೆ.

ಕ್ಲಬ್ಬಿನಲ್ಲಿ ಇಪ್ಪತ್ತು ನಿಮಿಷ ನಗಿಸಿದರೆ ಸಾಕು. ಎಡಿನ್‌ಬರಾಕ್ಕೆ ಒಂದು ಗಂಟೆಯ ಕೃತಿ ಬೇಕು, ಜೋಕುಗಳನ್ನು ಪೋಣಿಸುವ ಒಂದು ಎಳೆ ಬೇಕು. ಅದಕ್ಕಾಗಿ ವರ್ಷದ ಮೊದಲಿನಿಂದಲೇ ಪಬ್ಬುಗಳ ಮಹಡಿಯಲ್ಲಿ ಕಡಿಮೆ ದರದ ಪ್ರಯೋಗಗಳು ನಡೆಯುತ್ತವೆ. ಹೆಸರಾಂತರೂ ಕೈಯಲ್ಲಿ ಕಾಗದ ಹಿಡಿದೇ ಬರುತ್ತಾರೆ. ಯಾವ ಸಾಲಿಗೆ ನಗು ಬಂತು, ಯಾವುದಕ್ಕೆ ಬರಲಿಲ್ಲ ಎಂದು ಗುರುತು ಹಾಕಿಕೊಂಡು, ಒಂದು ಪದ ತೆಗೆದು, ಒಂದು ಮೌನ ಸೇರಿಸಿ ಮರುದಿನ ಮತ್ತೆ ನಿಲ್ಲುತ್ತಾರೆ. ಸ್ಟೂವರ್ಟ್ ಲೀ ಅವರಂತೂ ಒಂದೇ ಮಾತನ್ನು ಬೇಸರ ಬರುವಷ್ಟು ಸಲ ಹೇಳಿ, ಆ ಬೇಸರವನ್ನೂ ದಾಟಿಸಿ ನಗು ಹುಟ್ಟಿಸುತ್ತಾರೆ. ಸಭೆಯ ನಾಡಿ ಬಲ್ಲವರಿಗಷ್ಟೇ ಅದು ಸಾಧ್ಯ.

1981ರಿಂದ ಇಲ್ಲಿ ಹಾಸ್ಯಕ್ಕೆ ಪ್ರಶಸ್ತಿ ಇದೆ. ಮೊದಲ ವರ್ಷ ಗೆದ್ದ ಕೇಂಬ್ರಿಡ್ಜ್ ವಿದ್ಯಾರ್ಥಿ ತಂಡದಲ್ಲಿ ಸ್ಟೀಫನ್ ಫ್ರೈ, ಹ್ಯೂ ಲಾರಿ, ಎಮ್ಮಾ ಥಾಂಪ್ಸನ್ ಇದ್ದರು. ಒಬ್ಬಂಟಿಯಾಗಿ ನಿಂತ ಮಹಿಳೆಗೆ ಅದು ಮೊದಲು ದಕ್ಕಿದ್ದು 1995ರಲ್ಲಿ, ಜೆನ್ನಿ ಎಕ್ಲೇರ್ ಅವರಿಗೆ. 2023ರಲ್ಲಿ ಭಾರತೀಯ ಮೂಲದ ಅಹಿರ್ ಶಾ ಗೆದ್ದರು. ವಲಸೆ ಬಂದ ಅಜ್ಜನ ತ್ಯಾಗ ಅವರ ಕೃತಿಯ ಜೀವಾಳವಾಗಿತ್ತು.

ನಗೆಗೆ ಗುರಿಯಾದವರು ನಗಿಸುವವರಾದರು

ಅಹಿರ್ ಶಾ ಅವರಿಗೆ ದಾರಿ ತೆರೆದವರನ್ನು ನೆನೆಯಲೇಬೇಕು. ರೇಡಿಯೊದಲ್ಲಿ ಶುರುವಾಗಿ 1998ರಲ್ಲಿ ಬಿಬಿಸಿ ಟಿವಿಗೆ ಬಂದ ‘ಗುಡ್‌ನೆಸ್ ಗ್ರೇಷಸ್ ಮಿ’ಯಲ್ಲಿ ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್, ನೀನಾ ವಾಡಿಯಾ, ಕುಲ್ವಿಂದರ್ ಘಿರ್ ನಟಿಸುತ್ತಿದ್ದರು. ಕುಡಿದು ಬಂದ ಇಂಗ್ಲಿಷ್ ಹುಡುಗರು ಭಾರತೀಯ ಹೋಟೆಲಿನಲ್ಲಿ ಗಲಾಟೆ ಮಾಡುವುದು ಬ್ರಿಟನ್ನಿನಲ್ಲಿ ದಿನನಿತ್ಯದ ದೃಶ್ಯ. ಇವರು ಅದನ್ನೇ ತಿರುವಿ ಹಾಕಿದರು. ಕುಡಿದ ಭಾರತೀಯ ಗೆಳೆಯರು ಬಾಂಬೆಯ ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ವೇಟರನ ಹೆಸರನ್ನು ತಪ್ಪುತಪ್ಪಾಗಿ ಕರೆದು, ಮೆನುವಿನಲ್ಲೇ ಅತಿ ಸಪ್ಪೆಯಾದ ತಿನಿಸು ಯಾವುದೆಂದು ಜಂಬದಿಂದ ಕೇಳುತ್ತಾರೆ. ಕೆಲವೇ ನಿಮಿಷದ ಆ ಪ್ರಹಸನ ದಶಕಗಳ ಅವಮಾನಕ್ಕೆ ನಗುನಗುತ್ತಲೇ ಉತ್ತರ ಕೊಟ್ಟಿತು. ಇವತ್ತು, ಹಿಂದೆ ಗಣಿತದ ಮೇಷ್ಟರಾಗಿದ್ದ ರೊಮೇಶ್ ರಂಗನಾಥನ್, ದೆಹಲಿಯಲ್ಲಿ ಹುಟ್ಟಿ ಬ್ಯಾಂಕಿನ ಕೆಲಸ ಬಿಟ್ಟು ಬಂದ ಸಿಂಧು ವೀ, ಮಾತು ಬಾರದಿದ್ದರೂ ಐಪ್ಯಾಡ್‌ನ ದನಿಯಲ್ಲಿ ನಗಿಸಿ 2018ರ ‘ಬ್ರಿಟನ್ಸ್ ಗಾಟ್ ಟ್ಯಾಲೆಂಟ್’ ಗೆದ್ದ ಲೀ ರಿಡ್ಲಿ ಅದೇ ವೇದಿಕೆಯ ಮೇಲಿದ್ದಾರೆ.

ಉಳಿಯಬೇಕಾದದ್ದು

1993ರಲ್ಲಿ ನ್ಯೂಮನ್ ಮತ್ತು ಬ್ಯಾಡಿಯಲ್ ಜೋಡಿ ವೆಂಬ್ಲಿ ಅರೀನಾವನ್ನು ತುಂಬಿಸಿದ ಮೇಲೆ ಹಾಸ್ಯ ದೊಡ್ಡ ಉದ್ಯಮವಾಯಿತು. 2010ರಲ್ಲಿ ಶುರುವಾದ ಪೀಟರ್ ಕೇ ಅವರ ಒಂದೇ ಪ್ರವಾಸಕ್ಕೆ 10 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು. ಆದರೆ ಅಂಥ ಕ್ರೀಡಾಂಗಣದ ನಗೆಯೂ ಮೊದಲು ಚಿಗುರುವುದು ಐವತ್ತು ಕುರ್ಚಿಯ ಕೋಣೆಯಲ್ಲೇ. ಬಾಡಿಗೆ ಏರಿದಂತೆ ಆ ಕೋಣೆಗಳು ಉಳಿಯುವುದು ಕಷ್ಟವಾಗುತ್ತಿದೆ. ಆಗಸ್ಟಿನ ಎಡಿನ್‌ಬರಾದಲ್ಲಿ ತಂಗುವ ಖರ್ಚು ಹೊಸಬರ ಕೈಗೆಟುಕುತ್ತಿಲ್ಲ. ಉಳ್ಳವರ ಮಕ್ಕಳಷ್ಟೇ ಮೈಕು ಹಿಡಿಯುವಂತಾದರೆ, ವೆಲ್ಡರ್ ಬಿಲ್ಲಿಯಂಥವರು, ನರ್ಸ್ ಜೋ ಅಂಥವರು ಮತ್ತೆ ಬರುವುದು ಹೇಗೆ?

ಕಾಮಿಡಿ ಸ್ಟೋರ್ 2010ರಲ್ಲಿ ಮುಂಬೈನಲ್ಲೂ ಒಂದು ಶಾಖೆ ತೆರೆದಿತ್ತು. ಭಾರತದ ಹಲವು ಹಾಸ್ಯಗಾರರು ಹೊಸ ದಾರಿ ಕಂಡುಕೊಂಡದ್ದು ಅಲ್ಲಿ. ಈಗ ಬೆಂಗಳೂರಿನ ಕೆಫೆಗಳಲ್ಲಿ ಕನ್ನಡದ ಓಪನ್ ಮೈಕ್‌ಗಳೂ ನಡೆಯುತ್ತಿವೆ. ಬ್ರಿಟನ್ನಿನ ಅನುಭವ ಹೇಳುವುದಿಷ್ಟೇ: ಹಾಸ್ಯಗಾರರನ್ನು ಬೆಳೆಸುವುದು ಮೊಬೈಲಿನ ಪರದೆಯಲ್ಲ, ಎದುರಿಗೆ ಕೂತ ಜನ. ಹೆಸರೇ ಕೇಳಿರದ ಹೊಸಬರ ಪ್ರದರ್ಶನಕ್ಕೂ ಟಿಕೆಟ್ ಕೊಳ್ಳಿ, ಮುಂದಿನ ಸಾಲಿನಲ್ಲೇ ಕೂರಿ, ಮಾತು ಚೆನ್ನಾಗಿದ್ದರೆ ಮನಸಾರೆ ನಗಿ. ಚೆನ್ನಾಗಿಲ್ಲದಾಗ ಸುಮ್ಮನಿರಿ. ಅವರು ಕಲಿಯುವುದು ಎರಡರಿಂದಲೂ.