ಸಕ್ಕರೆ ಕಾಯಿಲೆಯ ಸಂಶೋಧಕರನ್ನು ತಯಾರು ಮಾಡುವ ಬಗೆ

ಸಕ್ಕರೆ ಕಾಯಿಲೆಯೆಂದರೆ ಡೊಳ್ಳುಹೊಟ್ಟೆಯ ಸಾಹುಕಾರರಿಗೆ ಬರುವಂಥದೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದರು. ಈಗ ಹಾಗೆನ್ನುವ ಧೈರ್ಯ ಯಾರಿಗೂ ಉಳಿದಿಲ್ಲ. ಪಾಳಿಯಲ್ಲಿ ದುಡಿಯುವ ಸಣಕಲು ಕೆಲಸಗಾರನನ್ನೂ ಅದು ಹಿಡಿಯುತ್ತದೆ, ಕಚೇರಿಯ ಗುಮಾಸ್ತನನ್ನೂ ಬಿಡುವುದಿಲ್ಲ. ಪಥ್ಯ, ಔಷಧಗಳ ಮಾತು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ. ಈ ರೋಗದ ಮೂಲವನ್ನು ಹುಡುಕುವವರು ಆ ವಿದ್ಯೆಯನ್ನು ಯಾರಿಂದ, ಹೇಗೆ ಕಲಿಯುತ್ತಾರೆ ಎಂಬುದನ್ನು ನಾವು ಈ ಸಲ ಹೇಳಬೇಕೆಂದಿದ್ದೇವೆ. ಅದಕ್ಕೆ ನಮ್ಮ ಮೈಸೂರಿನಲ್ಲೇ ಒಳ್ಳೆಯ ಉದಾಹರಣೆಯಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರುಗಳಲ್ಲಿ ಬರೆದಿಡುತ್ತ ಬಂದರು. ಬರೆದವರಿಗೆ ಅದು ದಿನದ ಕೆಲಸ, ಅಷ್ಟೆ. ಇತ್ತ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ಪ್ರೊಫೆಸರರು, ಗರ್ಭದಲ್ಲಿ ಸರಿಯಾಗಿ ಬೆಳೆಯದ ಶಿಶುವಿಗೆ ನಡುವಯಸ್ಸಿನಲ್ಲಿ ಹೃದ್ರೋಗವೂ ಸಕ್ಕರೆ ಕಾಯಿಲೆಯೂ ಬರುವ ಸಂಭವ ಹೆಚ್ಚೆಂದು ವಾದಿಸುತ್ತಿದ್ದರು. ಅವರ ಬಳಿ ಕೆಲಸ ಮಾಡುತ್ತಿದ್ದ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ರಿಜಿಸ್ಟರುಗಳಲ್ಲಿದ್ದ ಶಿಶುಗಳನ್ನು, ಅವರು ನಡುವಯಸ್ಸು ತಲುಪಿದ್ದಾಗ, ಮೈಸೂರಿನಲ್ಲಿ ಹುಡುಕಿ ಪರೀಕ್ಷಿಸಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯ ಲೆಕ್ಕ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು. ಹುಟ್ಟುವಾಗ ಐದೂವರೆ ಪೌಂಡಿಗಿಂತ ಹೆಚ್ಚು ತೂಗದಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಏಳು ಪೌಂಡು ಮೀರಿದ್ದವರಲ್ಲಿ ನೂರಕ್ಕೆ ಮೂವರಿಗೆ.

ಆದರೆ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಇಂಗ್ಲೆಂಡಿನ ಉತ್ತರ ಮೈಸೂರಿಗೆ ಹೊಂದಲಿಲ್ಲ. ಇಲ್ಲಿ ಆ ಕಾಯಿಲೆ ಹೆಚ್ಚಾಗಿ ಕಂಡದ್ದು, ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಲ್ಲಿ, ಭಾರದ ತಾಯಂದಿರ ಮಕ್ಕಳಲ್ಲಿ. ಹಾಗಾದರೆ ಬಸುರಿಯಲ್ಲೇ ಸಕ್ಕರೆ ಏರಿತ್ತೇ? 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರ ರಕ್ತಪರೀಕ್ಷೆಯಾಯಿತು. ನೂರಕ್ಕೆ ಸುಮಾರು ಆರು ಮಂದಿಗೆ ಬಸುರಿನ ಸಕ್ಕರೆ ಕಾಯಿಲೆಯಿತ್ತು. ಆ ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿದ ಕೆಲಸದಲ್ಲಿ ಮುಂದೆ ನಿಂತವರು ಅಲ್ಲಿನ ವೈದ್ಯೆ ಡಾ. ಜಿ. ವಿ. ಕೃಷ್ಣವೇಣಿ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ವೈದ್ಯವಿಜ್ಞಾನದ ಪ್ರಬಂಧಗಳಲ್ಲಿ ಮುಖ್ಯವಾಗಿ ದುಡಿದವರ ಹೆಸರು ಮೊದಲು, ಮಾರ್ಗದರ್ಶನ ಮಾಡಿದ ಹಿರಿಯರ ಹೆಸರು ಕೊನೆಗೆ ಬರುವುದು ರೂಢಿ. 1996ರ ಪ್ರಬಂಧದಲ್ಲಿ ಕೊನೆಯ ಹೆಸರು ಬಾರ್ಕರರದು; ಫಾಲ್ ಅವರದು ಎರಡನೆಯದು. 2005ರಲ್ಲಿ ಮೈಸೂರಿನ ಮಕ್ಕಳ ಬಗ್ಗೆ ಬಂದ ಪ್ರಬಂಧದಲ್ಲಿ ಮೊದಲ ಹೆಸರು ಕೃಷ್ಣವೇಣಿಯವರದು, ಕೊನೆಯದು ಫಾಲ್ ಅವರದು. ಒಂಬತ್ತು ವರ್ಷದಲ್ಲಿ ಶಿಷ್ಯೆ ಗುರುವಾದರು; ಮತ್ತೊಬ್ಬ ಶಿಷ್ಯೆ ಮುಂದೆ ಬಂದರು. ಬಾರ್ಕರ್ 2013ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ.

ಗುರು ಕಲಿಸುವುದಾದರೂ ಏನನ್ನು? ಪುಸ್ತಕದಲ್ಲಿ ಇಲ್ಲದ್ದನ್ನು. ಲೇತಿಗೆ ಹೊಸದಾಗಿ ನಿಂತ ಅಪ್ರೆಂಟಿಸನ ಕೈಗೆ ಮೈಕ್ರೋಮೀಟರು ಕೊಟ್ಟರೆ ಅಳತೆ ಬಂದುಬಿಡುವುದಿಲ್ಲವೆಂದು ವಾಗ್ಳೆ ಎಸ್ಟೇಟಿನ ಕೆಲಸಗಾರರಿಗೆ ನಾವು ಹೇಳಬೇಕಾಗಿಲ್ಲ. ಮಗುವಿನ ತೋಳಿನ ಚರ್ಮವನ್ನು ಮಡಿಕೆಯಾಗಿ ಹಿಡಿದು ಕೊಬ್ಬನ್ನು ಅಳೆಯುವುದೂ ಹಾಗೆಯೇ. ಒಂದೇ ಮಗುವನ್ನು ಇಬ್ಬರು ಅಳೆದು, ಅಂತರ ಎಷ್ಟೆಂದು ನೋಡಿ, ಕೈ ಹದಕ್ಕೆ ಬರುವವರೆಗೆ ಅಭ್ಯಾಸ ಮಾಡಬೇಕು. ಪ್ರಶ್ನೆಯನ್ನು ಚಿಕ್ಕದು ಮಾಡುವುದು, ಬೇಡದ ಉತ್ತರ ಬಂದಾಗ ಅದನ್ನು ಮುಚ್ಚಿಡದೆ ಬರೆಯುವುದು, ಇವೂ ಜೊತೆಯಲ್ಲಿದ್ದೇ ಬರುವ ವಿದ್ಯೆಗಳು.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕರೂ ಹೀಗೆಯೇ ಆಕ್ಸ್‌ಫರ್ಡಿನಲ್ಲಿ ಡೆರೆಕ್ ಹಾಕಡೇ ಎಂಬವರ ಬಳಿ ಪಳಗಿ ಹಿಂದಿರುಗಿದವರು. 2004ರಲ್ಲಿ ಅವರೂ ಲಂಡನ್ನಿನ ಯೂಡ್ಕಿನ್ ಎಂಬ ವೈದ್ಯರೂ ತಮ್ಮ ಫೋಟೋಗಳನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಯೂಡ್ಕಿನ್ನರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ನಮ್ಮ ಸಣಕಲು ಗುಮಾಸ್ತನ ಒಗಟಿಗೆ ಒಂದು ಉತ್ತರ ಇದು.

ಕಷ್ಟವಿರುವುದು ಕಾಲದಲ್ಲಿ. ಹುಟ್ಟಿದ ಮಗುವಿಗೆ ಕಾಯಿಲೆ ಬಂತೋ ಇಲ್ಲವೋ ತಿಳಿಯಲು ಮೂವತ್ತು ನಲವತ್ತು ವರ್ಷ ಬೇಕು. ಅಷ್ಟರಲ್ಲಿ ತರುಣ ವೈದ್ಯ ದವಾಖಾನೆ ತೆರೆದು ಮನೆ ಕಟ್ಟಿಸಿರುತ್ತಾನೆ, ಅವನನ್ನು ದೂರುವಂತಿಲ್ಲ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಕೂಡಿ 2008ರಲ್ಲಿ ಆರಂಭಿಸಿದ ಸಂಸ್ಥೆ, ತರುಣ ಸಂಶೋಧಕರಿಗೆ ಐದು ವರ್ಷದ ಫೆಲೋಷಿಪ್ ಕೊಡತೊಡಗಿತು. ಹಣದಷ್ಟೇ ಗುರುವೂ ಮುಖ್ಯವೆಂದು ನಮ್ಮ ಎಣಿಕೆ.

ನಮ್ಮ ಓದುಗರ ಮಕ್ಕಳು ಠಾಣೆ, ಡೊಂಬಿವಲಿಯ ಕಾಲೇಜುಗಳಲ್ಲಿ ಬಿ.ಎಸ್ಸಿ. ಓದುತ್ತಿದ್ದಾರೆ. ಅವರಲ್ಲಿ ಯಾರಾದರೂ ಸಂಶೋಧನೆಗೆ ಹೋಗಬಯಸಿದರೆ, ಕಟ್ಟಡವನ್ನೂ ಯಂತ್ರವನ್ನೂ ಆಮೇಲೆ ನೋಡಲಿ. ಸೇರಬೇಕೆಂದಿರುವ ಹಿರಿಯರ ಹತ್ತು ಪ್ರಬಂಧಗಳನ್ನು ತೆಗೆದು, ಎಷ್ಟರಲ್ಲಿ ಶಿಷ್ಯರ ಹೆಸರು ಮೊದಲಿದೆಯೆಂದು ಎಣಿಸಲಿ. ಹಳೆಯ ಶಿಷ್ಯರೊಬ್ಬರನ್ನು ಕಂಡು, ಗುರುಗಳು ತಪ್ಪು ತೋರಿಸುವುದು ಹೇಗೆ, ಎಲ್ಲರೆದುರೋ ಒಬ್ಬರೇ ಇದ್ದಾಗಲೋ, ಎಂದೂ ವಿಚಾರಿಸಲಿ.