ನಿಮ್ಮ ಅರ್ಜಿಯನ್ನು ಮೊದಲು ಓದುವವರು ಯಾರು?



ಕೆಲಸಕ್ಕೆ ಅರ್ಜಿ ಹಾಕಿದರೆ ಮೊದಲೆಲ್ಲ ಎಚ್.ಆರ್. ವಿಭಾಗದ ಯಾರಾದರೊಬ್ಬರು ಅದನ್ನು ಓದುತ್ತಿದ್ದರು. ಈಗ ಅಮೆರಿಕದ ಅನೇಕ ದೊಡ್ಡ ಕಂಪನಿಗಳಲ್ಲಿ ಅದನ್ನು ಮೊದಲು ನೋಡುವುದು ಸಾಫ್ಟ್‌ವೇರ್. ರೆಸ್ಯುಮೆಗಳನ್ನು ಸೋಸುವುದು, ಅಂಕ ಕೊಡುವುದು, ವಿಡಿಯೊ ಸಂದರ್ಶನದ ಉತ್ತರಗಳನ್ನು ತೂಗುವುದು – ಇವೆಲ್ಲ ನಿಧಾನವಾಗಿ ಕೃತಕ ಬುದ್ಧಿಮತ್ತೆಯ ಕೈಗೆ ಹೋಗುತ್ತಿವೆ. ಮಕ್ಕಳು ಕಾಲೇಜು ಮುಗಿಸುತ್ತಿರುವ, ಅಥವಾ ಮನೆಯಲ್ಲಿದ್ದವರು ಮತ್ತೆ ಕೆಲಸಕ್ಕೆ ಸೇರಲು ಯೋಚಿಸುತ್ತಿರುವ ಕುಟುಂಬಗಳು ಇದರ ಬಗ್ಗೆ ತಿಳಿದಿರುವುದು ಒಳ್ಳೆಯದು.

ಇದರಿಂದ ಅನುಕೂಲವಿಲ್ಲವೆಂದಲ್ಲ. ಸಾವಿರ ಅರ್ಜಿ ಬಂದರೂ ಯಂತ್ರಕ್ಕೆ ಆಯಾಸವಿಲ್ಲ. ಆದರೆ ಅದು ಕಲಿಯುವುದು ಹಳೆಯ ಕಡತಗಳಿಂದ. ಬಿತ್ತಿದಂತೆ ಬೆಳೆ! 2018ರ ರಾಯಿಟರ್ಸ್ ವರದಿಯ ಪ್ರಕಾರ, ಅಮೆಜಾನ್ ಕಂಪನಿ 10 ವರ್ಷಗಳ ರೆಸ್ಯುಮೆಗಳನ್ನು ಉಣಿಸಿ ಇಂಥದೊಂದು ಯಂತ್ರವನ್ನು ತಯಾರಿಸಿತ್ತು. ಆ ಅರ್ಜಿಗಳಲ್ಲಿ ಹೆಚ್ಚಿನವು ಗಂಡಸರವು. ಹಾಗಾಗಿ "ಮಹಿಳಾ" ಎಂಬರ್ಥದ ಪದ ಕಂಡರೆ ಸಾಕು, ಯಂತ್ರ ಅಂಕ ಕಡಿಮೆ ಮಾಡುತ್ತಿತ್ತು. ಕೊನೆಗೆ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು.

ನಮಗೆ ಇನ್ನೂ ಹತ್ತಿರದ ವಿಷಯವೊಂದಿದೆ. ಎಚ್-4 ವೀಸಾದಲ್ಲಿ ಬಂದವರಿಗೆ 2015ರವರೆಗೆ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಆಮೇಲೆ ಸಿಕ್ಕಿದ್ದೂ ಕೆಲವರಿಗೆ ಮಾತ್ರ. ಹೀಗಾಗಿ ಓದು, ಅನುಭವ ಎರಡೂ ಇದ್ದು ರೆಸ್ಯುಮೆಯಲ್ಲಿ ನಾಲ್ಕೈದು ವರ್ಷ ಖಾಲಿ ಇರುವವರು ನಮ್ಮಲ್ಲಿ ಅನೇಕರು. 2021ರ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಕಂಪನಿಗಳು, 6 ತಿಂಗಳಿಗಿಂತ ಹೆಚ್ಚಿನ ಬಿಡುವಿರುವ ಅರ್ಜಿಗಳನ್ನು ಸೋಸಿ ತೆಗೆಯುವುದಾಗಿ ತಿಳಿಸಿದ್ದವು. ಮನುಷ್ಯರಾದರೆ "ಯಾಕೆ ಬಿಡುವು?" ಎಂದು ಕೇಳಿಯಾರು. ಯಂತ್ರ ಕೇಳುವುದಿಲ್ಲ.

ಕಾನೂನು ಎಚ್ಚೆತ್ತುಕೊಳ್ಳುತ್ತಿದೆ. ನ್ಯೂಯಾರ್ಕ್ ನಗರದಲ್ಲಿ ಜುಲೈ 2023ರಿಂದ ಇಂಥ ಸಾಧನಗಳ ಪಕ್ಷಪಾತವನ್ನು ವರ್ಷಕ್ಕೊಮ್ಮೆ ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕು, ಅಭ್ಯರ್ಥಿಗಳಿಗೆ ಮುಂಚಿತವಾಗಿ ತಿಳಿಸಬೇಕು. 2024ರಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕಾಯಿದೆ, ನೇಮಕಾತಿಯ ಕೃತಕ ಬುದ್ಧಿಮತ್ತೆಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ.

ಅಲ್ಲಿಯವರೆಗೆ ನಾವೇನು ಮಾಡಬಹುದು?

1. ಬಿಡುವಿನ ವರ್ಷಗಳನ್ನು ಖಾಲಿ ಬಿಡಬೇಡಿ. ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದು, ಸಂಘದ ಲೆಕ್ಕಪತ್ರ ನೋಡಿಕೊಂಡದ್ದು, ಮಾಡಿದ ಕೋರ್ಸು – ಎಲ್ಲವನ್ನೂ ವರ್ಷದ ಸಮೇತ ಬರೆಯಿರಿ.

2. ಜಾಹೀರಾತಿನಲ್ಲಿರುವ ಕೌಶಲ ನಿಮಗಿದ್ದರೆ ಅದೇ ಪದಗಳಲ್ಲಿ ಹೇಳಿ. ಇಲ್ಲದ್ದನ್ನು ಸೇರಿಸಬೇಡಿ.

3. ಆ ಕಂಪನಿಯಲ್ಲಿ ಪರಿಚಯದವರಿದ್ದರೆ ಅವರ ಮೂಲಕವೂ ಅರ್ಜಿ ಕಳಿಸಿ. ಒಬ್ಬ ಮನುಷ್ಯರಾದರೂ ಓದಲಿ.

ಕೊನೆಯದಾಗಿ, ನಮ್ಮಲ್ಲಿ ಮ್ಯಾನೇಜರ್ ಹುದ್ದೆಯಲ್ಲಿರುವವರಿಗೆ ಒಂದು ವಿನಂತಿ. ಯಂತ್ರ ಬದಿಗೆ ಸರಿಸಿದ ಅರ್ಜಿಗಳಲ್ಲಿ ಹತ್ತನ್ನಾದರೂ ಆಗಾಗ ತೆಗೆದು ನೀವೇ ಓದಿ. ಯೋಗ್ಯರೊಬ್ಬರು ಅಲ್ಲಿ ಕಾಯುತ್ತಿರಬಹುದು.